ಒದ್ದ ಕಾಲಿಗೆ ನೋವಾಯಿತೆ?

ಆ ಕಾಲಿನಲ್ಲಿ ಚಪ್ಪಲಿ ಇತ್ತೋ ಇಲ್ಲವೋ ಎನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ. ಇರಲಿಲ್ಲ ಎಂದೇ ನನ್ನ ನೆನಪು. ಮದರಂಗಿ ಮಾಸಿದ ಪಾದ, ಹೆಬ್ಬೆರಳ ಉಗುರಿನ ಮೇಲೆ ಅರ್ಧ ಎದ್ದುಹೋದ ನೀಲಿ ಬಣ್ಣ, ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿದೆ. ಮಗಳನ್ನು ಕೇಳಿದರೆ, "ಇತ್ತಲ್ಲ ಅಮ್ಮ, ಬ್ರೌನ್ ಚಪ್ಪಲ್" ಅನ್ನುತ್ತಾಳೆ. ಆ ಕಾಲು ಬಂದು ಬಡಿದದ್ದು ಅವಳ ಎದೆಗೆ. ನ್ಯಾಯವಾಗಿ ಅವಳ ಮಾತನ್ನೇ ನಂಬಬೇಕು. ಅವಳ ಫ್ರಾಕಿನ ಮೇಲೆ ಗುರುತು ಉಳಿದಿತ್ತೇನೋ. ನನಗೆ ಅದು ಹೊಳೆಯುವ ಹೊತ್ತಿಗೆ ಅತ್ತೆ ಫ್ರಾಕನ್ನು ಸೋಪಿನ ನೀರಿನ ಬಕೆಟ್ಟಿನಲ್ಲಿ ನೆನೆಹಾಕಿಬಿಟ್ಟಿದ್ದರು.

ಮಗು ಕ್ಷೇಮವಾಗಿದೆ. ಮೊಣಕೈ ತರಚಿದ್ದು ಮಾಗಿ ಸಿಪ್ಪೆಯೂ ಉದುರಿಹೋಗಿದೆ. ಆದರೆ ವಿಕ್ರೋಳಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುವಾಗ, ಕುಕ್ಕರಿನ ಸೀಟಿಗೆ ಕಾಯುತ್ತ ನಿಂತಿರುವಾಗ, ಆ ಕಾಲು ರೈಲಿನ ಬಾಗಿಲಿನಿಂದ ಮತ್ತೆ ಹೊರಗೆ ಬರುತ್ತದೆ. ಕೆಲವು ಸಲ ತಡವಾಗಿ ಬರುತ್ತದೆ. ಇನ್ನು ಕೆಲವು ಸಲ ಬರುವುದೇ ಇಲ್ಲ. ಆಗ ಎದ್ದು ಹೋಗಿ ನೀರು ಕುಡಿಯುತ್ತೇನೆ.

ನಮ್ಮ ಮನೆ ವಿಲೆ ಪಾರ್ಲೆಯ ಹಳೆಯ ಬಿಲ್ಡಿಂಗೊಂದರಲ್ಲಿ. ನಾನು, ಗಂಡ, ಒಂದನೇ ಕ್ಲಾಸಿನ ಮಗಳು, ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇರುವ ಅತ್ತೆ. ಇರುವ ಎರಡು ಕೋಣೆಯಲ್ಲಿ ಕಾಲು ಚಾಚಿದರೆ ಏನಾದರೊಂದಕ್ಕೆ ತಾಗುತ್ತದೆ. ಪುಸ್ತಕಕ್ಕೆ, ಮಡಿಸಿಟ್ಟ ಬಟ್ಟೆಗೆ, ಸೊಪ್ಪು ಬಿಡಿಸುತ್ತ ಕೂತವರ ಬೆನ್ನಿಗೆ. ಹಾಗೆ ತಾಗಿದರೆ ತಕ್ಷಣ ಬಗ್ಗಿ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಎನ್ನುವುದು ಅತ್ತೆ ಮೊಮ್ಮಗಳಿಗೆ ಕಲಿಸಿದ ಮೊದಲ ಪಾಠ.

"ಪುಸ್ತಕ ತುಳಿದ್ಯಲ್ಲೇ! ಕಣ್ಣಿಗೊತ್ಕೋ. ಇಲ್ದಿದ್ರೆ ದೇವರು ಕಣ್ಣು ಕುಕ್ಕತ್ತೆ."

"ಯಾವ ಕಣ್ಣು ಅಜ್ಜಿ?"

"ಎರಡೂ."

"ಸ್ಪೂನ್‌ನಿಂದಾನಾ?"

"ತ್ರಿಶೂಲ ಇಟ್ಕೊಂಡಿರೋದು ಸುಮ್ನೇನಾ? ಒತ್ಕೋ ಮೊದಲು, ಆಮೇಲೆ ಮಾತಾಡು."

ನಾನು ವಿಜ್ಞಾನ ಓದಿದವಳು. ದೇವರು ಮಕ್ಕಳ ಕಣ್ಣು ಕುಕ್ಕುತ್ತಾನೆಂದು ನನ್ನ ತಾಯಿ ಹೇಳಿದಾಗಲೂ ನಾನು ಪೂರ್ತಿ ನಂಬಿರಲಿಲ್ಲ. ಆದರೂ ಅತ್ತೆಯನ್ನು ತಡೆಯಲಿಲ್ಲ. ಆ ಒಂದು ಮಾತಿನಿಂದ ಪುಸ್ತಕಗಳು ನೆಲದಿಂದ ಮೇಲೆದ್ದು ಶೆಲ್ಫಿಗೆ ಹೋಗುತ್ತಿದ್ದವು, ನನ್ನ ಗಂಟಲಿಗೆ ಬಿಡುವು ಸಿಗುತ್ತಿತ್ತು. ಅದಲ್ಲದೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಅವಳು ಹಾಗೆ ಬಗ್ಗಿದಾಗ ನನಗೆ ಹೆಮ್ಮೆಯೂ ಆಗುತ್ತಿತ್ತು. ಮುಂಬಯಿಯ ರೈಲಿನಲ್ಲಿ ಯಾರ ಕಾಲು ಯಾರಿಗೆ ತಾಗುವುದಿಲ್ಲ? ಇವಳು ಮಾತ್ರ ಒಬ್ಬೊಬ್ಬರನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಒಮ್ಮೆ ಮರಾಠಿ ಅಜ್ಜಿಯೊಬ್ಬರು, "ಕಿತೀ ಸಂಸ್ಕಾರೀ ಮುಲಗೀ!" ಎಂದು ಅವಳ ತಲೆ ಸವರಿ ಚಿಕ್ಕಿ ಕೊಟ್ಟಿದ್ದರು. ಆ ಹೊಗಳಿಕೆಯನ್ನು ನಾನು ಮನೆಗೆ ಬಂದು ಎಲ್ಲರಿಗೂ ಹೇಳಿದ್ದೆ.

ಆ ಭಾನುವಾರ ಗ್ರಾಂಟ್ ರೋಡಿನಲ್ಲಿರುವ ನಾದಿನಿಯ ಮನೆಯಲ್ಲಿ ಪೂಜೆ ಇತ್ತು. ಮಂಡಿನೋವೆಂದು ಅತ್ತೆ ಮನೆಯಲ್ಲೇ ಉಳಿದಿದ್ದರು. ನನಗೆ ಬಲಗಣ್ಣಿನ ರೆಪ್ಪೆಯ ಮೇಲೆ ಕುರು ಎದ್ದು ಕಣ್ಣು ಅರ್ಧ ಮುಚ್ಚಿಹೋಗಿತ್ತು, ಬೇಗ ಹೊರಡಬೇಕೆನಿಸಿತು. ಗಂಡ ಬಾಡಿಗೆ ಕುರ್ಚಿಗಳನ್ನು ವಾಪಸು ಕಳಿಸಿ ಬರುತ್ತೇನೆಂದು ಅಲ್ಲೇ ನಿಂತರು. ನಾನು ಮಗಳು ಮಾತ್ರ ಮಧ್ಯಾಹ್ನದ ಸ್ಲೋ ಲೋಕಲ್ ಹತ್ತಿದೆವು. ಭಾನುವಾರ ಜನ ಇರುವುದಿಲ್ಲ ಎನ್ನುವುದು ಸುಳ್ಳು. ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದ ದಿನ ಇರುವ ನಾಲ್ಕು ಗಾಡಿಗಳಿಗೇ ಇಡೀ ಊರು ತುಂಬಿಕೊಳ್ಳುತ್ತದೆ.

ಡಬ್ಬಿಯ ಬಾಗಿಲ ಪಕ್ಕ ಒಬ್ಬ ಕಾಲೇಜು ಹುಡುಗಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ದಪ್ಪದೊಂದು ಪುಸ್ತಕವನ್ನು ಮುಂದಿಟ್ಟುಕೊಂಡು ಹಳದಿ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದಳು. ಸಾಂತಾಕ್ರೂಝ್ ದಾಟಿದ ಮೇಲೆ ನಾವು ಬಾಗಿಲಿಗೆ ಬಂದು ನಿಂತೆವು. ನನ್ನ ಒಂದು ಕೈಯಲ್ಲಿ ಪ್ರಸಾದದ ಡಬ್ಬಿ, ಭುಜದಲ್ಲಿ ತೆಂಗಿನಕಾಯಿ ಇದ್ದ ಚೀಲ. ಇನ್ನೊಂದು ಕೈಯಲ್ಲಿ ಮಗಳು. ಪಾರ್ಲೆ ಬಂತು. ಹಿಂದಿನಿಂದ ಒಂದೇ ತಳ್ಳು, ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲಿದ್ದೆವು. ಚೀಲ ಭುಜದಿಂದ ಜಾರಿತು. ಅದನ್ನು ಮೇಲಕ್ಕೆಳೆದುಕೊಳ್ಳಲು ಅವಳ ಕೈ ಬಿಟ್ಟೆ.

ತಿರುಗಿದರೆ ಅವಳು ರೈಲಿನ ಬಾಗಿಲಲ್ಲಿದ್ದಳು. ಹತ್ತುತ್ತಿರಲಿಲ್ಲ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು, ಒಳಗೆ ಬಗ್ಗಿ, ಆ ಪುಸ್ತಕಕ್ಕೆ ಕೈ ಚಾಚಿದ್ದಳು. ಇಳಿಯುವ ನೂಕಿನಲ್ಲಿ ಅವಳ ಶೂ ಅದರ ಮೇಲೆ ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು. ಗಾಡಿ ಹೊರಟಿತು. ಅವಳ ಒಂದು ಕೈ ಬಾಗಿಲ ಅಂಚನ್ನು ಹಿಡಿದಿತ್ತು, ಇನ್ನೊಂದು ಪುಸ್ತಕದ ಕಡೆಗೆ ಇನ್ನೂ ಚಾಚುತ್ತಲೇ ಇತ್ತು. ರೈಲಿನ ಜೊತೆ ಅಡ್ಡಡ್ಡ ನಡೆದಳು, ಆಮೇಲೆ ಓಡಿದಳು. ಅವಳ ಪುಟ್ಟ ಶೂಗಳ ಪಕ್ಕದಲ್ಲೇ ಆ ಸಂದು, ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಕಪ್ಪು ಸಂದು. ಅವಳ ಕಡೆ ಓಡಿದೆ ಅಂದುಕೊಂಡಿದ್ದೇನೆ. ಆದರೆ ಪ್ರತಿ ಸಲ ನೆನೆದಾಗಲೂ ನಾನು ಚೀಲ ಹಿಡಿದು ನಿಂತೇ ಇರುತ್ತೇನೆ.

ಆಗ ಆ ಹುಡುಗಿ ಕೂತಲ್ಲಿಂದಲೇ ಕಾಲು ಎತ್ತಿ ನನ್ನ ಮಗಳ ಎದೆಗೆ ಒದ್ದಳು.

ಮಗಳು ಹಿಂದಕ್ಕೆ ಹಾರಿ, ಯಾರದೋ ಕಾಲಿನ ಬುಡದಲ್ಲಿ ಕುಕ್ಕರಿಸಿ ಬಿದ್ದಳು. ರೈಲು ಮುಂದೆ ಸಾಗುತ್ತಿತ್ತು. ನಾನು ಮೊದಲು ಮಾಡಿದ್ದೇನೆಂದರೆ, "ಏಯ್!" ಎಂದು ಆ ಹುಡುಗಿಯ ಮೇಲೆ ಕಿರುಚಿದ್ದು. ನನ್ನ ಮಗುವಿಗೆ ಒದೆಯುತ್ತೀಯಾ ಎನ್ನುವ ಸಿಟ್ಟು. ಅದು ಅವಳನ್ನು ಉಳಿಸಿದ ಒದೆ ಎಂದು ತಿಳಿದದ್ದು ಆಮೇಲೆ. ಹುಡುಗಿ ಬಾಗಿಲಿಗೆ ಬಂದು ಹೊರಗೆ ಬಾಗಿ ನೋಡುತ್ತಿದ್ದಳು. ಅವಳ ಬಾಯಿ ಏನೋ ಹೇಳಿತು, ಕೇಳಿಸಲಿಲ್ಲ. ನಮ್ಮ ಕಡೆ ಕೈ ಚಾಚಿ, ಗಾಳಿಯನ್ನೇ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ಬಾಯೀ, ಬಚ್ಚೀ ಕಾ ಹಾಥ್ ಪಕಡ್ನಾ ನಹೀ ಆತಾ ಕ್ಯಾ?" ಎಂದು, ಮಗುವಿನ ಕೈ ಹಿಡಿದುಕೊಳ್ಳದ್ದಕ್ಕೆ, ಪಕ್ಕದ ಹೆಂಗಸು ನನ್ನನ್ನು ಬೈದಳು. ನಾನು ಮಗಳ ಬೆನ್ನಿಗೆ ಒಂದು ಹೊಡೆದೆ, ಆಮೇಲೆ ಅಪ್ಪಿಕೊಂಡೆ, ಮತ್ತೆ ಹೊಡೆಯಬೇಕೆನಿಸಿತು. ಅವಳು ಅಳುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಮ್ಮ, ನಂದು ಕೈ ಬುಕ್‌ಗೆ ಟಚ್ ಆಯ್ತಾ? ನೀನು ದೇಖಾ?"

ಮನೆಗೆ ಬಂದು ಹೇಳಿದಾಗ ಅತ್ತೆ ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು, "ದೇವರು ಕಾಪಾಡಿದ" ಎಂದರು. ನನಗೆ ಮೈ ಉರಿಯಿತು. ಒಳಗೆ ಹೋಗಿ, ನೀರು ಬಿಸಿಮಾಡಿ, ಬಟ್ಟೆ ಅದ್ದಿ ಕಣ್ಣಿಗೆ ಶಾಖ ಕೊಡುತ್ತ ಕೂತೆ. ಮಗಳು ಬಂದು ನನ್ನ ಮುಂದೆ ನಿಂತಳು.

"ಇನ್ನೊಂದು ಕಣ್ಣು ತೋರಿಸು."

"ಯಾಕೆ?"

"ತೋರಿಸು ನಾ!"

ತೋರಿಸಿದೆ. ಬೆರಳಿನಿಂದ ನನ್ನ ಎಡ ರೆಪ್ಪೆಯನ್ನು ಎತ್ತಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು.

"ಇದು ಠೀಕ್ ಇದೆ. ಟಚ್ ಆಗಿರಬೇಕು."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಅದರ ಹಿಂದಿನ ವಾರ ಅವಳು ಸ್ಕೂಲಿನಲ್ಲಿ ಗೆಳತಿಯ ಪುಸ್ತಕ ತುಳಿದಿದ್ದಳಂತೆ. ಬೆಲ್ ಹೊಡೆದದ್ದರಿಂದ ಕಣ್ಣಿಗೊತ್ತಿಕೊಳ್ಳದೆ ಓಡಿದ್ದಳು. ಮಾರನೆಯ ಬೆಳಿಗ್ಗೆ ನೋಡಿದರೆ ಅವಳ ಕಣ್ಣು ಸರಿಯಾಗಿತ್ತು, ನನ್ನ ಕಣ್ಣು ಕೆಂಪಗೆ ಊದಿತ್ತು. ಚಿಕ್ಕ ಮಕ್ಕಳ ತಪ್ಪು ತಾಯಿಗೆ ತಟ್ಟುತ್ತದೆಂದು ಅಜ್ಜಿ ಯಾವಾಗಲೋ ಹೇಳಿದ್ದರು. ದೇವರು ಬಂದು ಕುಕ್ಕಿಹೋಗಿದ್ದಾನೆಂದು ಅವಳಿಗೆ ಅನುಮಾನವೇ ಉಳಿಯಲಿಲ್ಲ. ರೈಲಿನಲ್ಲಿ ಇನ್ನೊಂದು ಪುಸ್ತಕ ತುಳಿದಾಗ ಉಳಿದಿದ್ದದ್ದು ನನ್ನ ಎಡಗಣ್ಣು. ಅದನ್ನು ಉಳಿಸಲು ಹಿಂದಿರುಗಿದ್ದಳು.

ಬಟ್ಟೆ ಕೈಯಲ್ಲೇ ಆರಿತು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬಾಯಿಮಾತಿಗೆ ಅಂದಿದ್ದಮ್ಮ ನಾನು," ಎಂದರು. "ನಮಗೂ ಹಂಗೇ ಅಂತಿದ್ರು. ನಾವೇನು ರೈಲಿಗೆ ಅಡ್ಡ ಹೋದ್ವಾ?"

"ನಿಮ್ಮೂರಲ್ಲಿ ಈ ಥರ ರೈಲಿರಲಿಲ್ಲ ಅತ್ತೆ."

ಅಷ್ಟಕ್ಕೇ ಅವರ ಮುಖ ಸಣ್ಣಗಾಯಿತು.

ಸಂಜೆ ಗಂಡ ಬಂದರು. ಮಗಳ ಮೊಣಕೈಗೆ ಔಷಧ ಹಚ್ಚುತ್ತ, "ದೇವರಿಗೆ ಕೋಪಾನೇ ಬರಲ್ಲ ಅಂತ ಹೇಳಿಬಿಡು, ಮುಗೀತು" ಎಂದರು, ಬಿಲ್ಡಿಂಗ್ ಸೊಸೈಟಿಯ ನೋಟಿಸು ಬದಲಾಯಿಸಿದ ಹಾಗೆ. ನಾನೂ ಅದನ್ನೇ ಹೇಳಿದೆ. ದೇವರಿಗೆ ಕೋಪವಿಲ್ಲ, ಕಣ್ಣು ಕುಕ್ಕುವುದಿಲ್ಲ, ಅಮ್ಮನ ಕಣ್ಣಿಗೆ ಆಗಿರುವುದು ಬರೀ ಕುರು.

ಮಗಳು ಕೇಳಿಕೊಂಡು ಸುಮ್ಮನೆ ಎದ್ದುಹೋದಳು. ಸ್ವಲ್ಪ ಹೊತ್ತಿಗೆ ತನ್ನ ಸ್ಕೂಲಿನ ರೀಡರನ್ನು ತಂದು ನೆಲದ ಮೇಲಿಟ್ಟಳು. ನನ್ನ ಬೆನ್ನ ಹಿಂದೆ ಬಂದು ಎರಡೂ ಅಂಗೈಯಿಂದ ನನ್ನ ಕಣ್ಣುಗಳನ್ನು ಮುಚ್ಚಿದಳು. ಕುರು ನೋವಾಯಿತು, ತಡೆದುಕೊಂಡೆ. ಅವಳ ಮೈ ಒಂದು ಕಡೆಗೆ ವಾಲಿದ್ದು ಗೊತ್ತಾಯಿತು. ಗಂಡ ಆಮೇಲೆ ಹೇಳಿದರು: ಬೆರಳ ತುದಿಯಲ್ಲಿ, ಬಿಸಿ ನೀರು ನೋಡುವ ಹಾಗೆ, ಪುಸ್ತಕದ ಮೇಲೆ ಕಾಲಿಟ್ಟಳಂತೆ. ಇಟ್ಟು, ತಕ್ಷಣ ತೆಗೆದು, ಬಗ್ಗಿ ಮುಟ್ಟಿ, ಕೈಯನ್ನು ಮೊದಲು ನನ್ನ ಕಣ್ಣಿಗೆ ಒತ್ತಿದಳು, ಆಮೇಲೆ ತನ್ನ ಕಣ್ಣಿಗೆ. ಆ ಪುಟ್ಟ ಕೈ ಬೆವೆತಿತ್ತು. ನಾನು ಹೇಳಿದ ಒಂದು ಮಾತನ್ನೂ ಅವಳು ನಂಬಿರಲಿಲ್ಲ.

ಇದನ್ನು ಕೇಳಿ ನನಗೆ ನಿಜವಾದ ಭಯ ಹತ್ತಿತು. ಮುಂದಿನ ರೈಲಿನಲ್ಲಿ, ಮುಂದಿನ ಬಾಗಿಲಲ್ಲಿ, ಯಾರದೋ ಚೀಲಕ್ಕೆ ಶೂ ತಾಗಿದರೆ ಇವಳು ಮತ್ತೆ ತಿರುಗುತ್ತಾಳೆ. ಅಲ್ಲಿ ಆ ಕಾಲು ಇರುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳು ಹೊಸ ಪ್ರಶ್ನೆ ತಂದಳು. ಕೇಳಿದ್ದು ಅಜ್ಜಿಯನ್ನು, ನನ್ನ ಮೇಲೆ ವಿಶ್ವಾಸ ಹೋಗಿತ್ತು.

"ಅಜ್ಜಿ, ಆ ದೀದಿ ನಂಗೆ ಲಾತ್ ಮಾರಿದಳು. ಟಚ್ ಮಾಡ್ಲಿಲ್ಲ, ಟ್ರೇನ್ ಹೋಯ್ತು. ದೇವರು ದೀದಿಯ ಕಣ್ಣು ಕುಕ್ತಾನಾ?"

ನಾನು ಅಡಿಗೆಮನೆಯಲ್ಲೇ ನಿಂತೆ. ಅತ್ತೆ ಬತ್ತಿ ಸರಿಮಾಡುತ್ತಿದ್ದರು.

"ಒಂದು ಕಥೆ ಹೇಳ್ತೀನಿ, ಕೂತ್ಕೋ," ಎಂದರು. "ಒಬ್ಬ ಋಷಿ ಇದ್ದ. ಮೂಗಿನ ತುದೀಲೇ ಕೋಪ. ದೇವರನ್ನ ಪರೀಕ್ಷೆ ಮಾಡ್ತೀನಿ ಅಂತ ಹೊರಟ. ದೇವರು ಹಾವಿನ ಮೇಲೆ ಮಲಗಿದ್ದ. ಎದ್ದು ಮಾತಾಡಿಸಲಿಲ್ಲ ಅಂತ ಋಷಿ ಹೋಗಿ ಎದೆಗೇ ಒದ್ದ."

"ದೇವರಿಗೆ? ಶೂಸ್ ಹಾಕ್ಕೊಂಡು?"

"ಋಷಿಗೆಲ್ಲಿಂದ ಬರಬೇಕೇ ಶೂಸು!"

"ಆಮೇಲೆ ದೇವರು ಕುಕ್ಕಿದನಾ?"

ಅತ್ತೆ ತಲೆಯೆತ್ತಿ ಅಡಿಗೆಮನೆಯ ಕಡೆ ನೋಡಿದರು. ನನಗೆ ಹೇಳಿದರೋ ಅವಳಿಗೆ ಹೇಳಿದರೋ ತಿಳಿಯಲಿಲ್ಲ. "ಇಲ್ಲ. ಕುಕ್ಕಲಿಲ್ಲ. ಎದ್ದು ಕೂತು ಆ ಕಾಲು ಹಿಡ್ಕೊಂಡು ಒತ್ತಿದ. ನನ್ನ ಎದೆ ಕಲ್ಲಿನ ಹಂಗೆ ಗಟ್ಟಿ, ಒದ್ದ ಕಾಲಿಗೆ ನೋವಾಯ್ತೇನಪ್ಪಾ ಅಂತ ಕೇಳ್ದ."

ಮಗಳು ಬಾಯಿ ತೆರೆದು ಕೂತಿದ್ದಳು. ಆಮೇಲೆ ತನ್ನ ಎದೆ ಮುಟ್ಟಿ ನೋಡಿಕೊಂಡಳು. "ನಂದು ಗಟ್ಟಿ ಇಲ್ಲ. ಮೂಳೆ ಇದೆ. ದೀದಿಗೆ ನೋವಾಗಿರುತ್ತೆ."

"ಆಗಿರುತ್ತೆ."

"ಸೋ ನಾನು ದೀದಿಗೆ ಪೂಛ್ನಾ ಇತ್ತು."

"ಮುಂದೆ ಸಿಕ್ಕಿದ್ರೆ ಕೇಳು."

ಕಥೆ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅತ್ತೆ ಯಾವ ಕಥೆಯನ್ನೂ ಅರ್ಧಕ್ಕೆ ಬಿಡುವವರಲ್ಲ. "ದೇವರಿಗೇನೋ ಕೋಪ ಬರಲಿಲ್ಲ. ಹೆಂಡತಿಗೆ ಬಂತು ನೋಡು! ಅವಳು ಪಕ್ಕದಲ್ಲೇ ಇದ್ದಳಲ್ಲ, ನೋಡಿದಳು. ಒದ್ದೋನ ಕಾಲು ಒತ್ತುತ್ತಾ ಕೂತಿದ್ದೀರಲ್ಲ ಅಂತ ಮನೇನೇ ಬಿಟ್ಟು ಹೋದಳು."

"ವಾಪಸ್ ಬಂದಳಾ?"

"ಅದು ದೊಡ್ಡ ಕಥೆ. ಈಗ ಕೈ ಮುಗಿ."

ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಹೆಂಡತಿಯ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಒದೆಸಿಕೊಂಡವನು ಎದ್ದು ಕೂತು ನಕ್ಕುಬಿಟ್ಟ. ನೋಡಿದವಳಿಗೆ ಮಾತ್ರ ಆ ಮನೆಯಲ್ಲಿ ಇರಲಾಗಲಿಲ್ಲ. ಮಗಳು ಅವತ್ತು ಊಟ ಮಾಡಿ, ಎದೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋದಳು. ಮಾರನೆಯ ದಿನ ನಾನು ಆಫೀಸ್ ಬಸ್ಸಿನಲ್ಲಿ ಕೂತು, ಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಿದ್ದರೆ, ತೆಂಗಿನಕಾಯಿ ಬೇಡವೆಂದು ನಾದಿನಿಗೇ ಬಿಟ್ಟು ಬಂದಿದ್ದರೆ ಎಂದು ಲೆಕ್ಕ ಹಾಕುತ್ತಿದ್ದೆ.

ಆ ನಂತರ ಕೆಲವು ವಾರ ಅವಳನ್ನು ಎಲ್ಲಿಗೆ ಕರೆದೊಯ್ದರೂ ಆಟೋ, ಇಲ್ಲದಿದ್ದರೆ ಟ್ಯಾಕ್ಸಿ. "ನಾವೇನು ಸಿನಿಮಾ ಸ್ಟಾರಾ?" ಎಂದು ಗಂಡ ಹಂಗಿಸಿದರು. ಅತ್ತೆ ಈಗ ಮೊಮ್ಮಗಳು ಪುಸ್ತಕ ತುಳಿದರೆ, "ಎತ್ತಿ ಮೇಲಿಡು" ಎಂದಷ್ಟೇ ಹೇಳುತ್ತಾರೆ. ಉಳಿದ ಅರ್ಧ ವಾಕ್ಯ ಅವರ ಬಾಯಿಯ ತನಕ ಬಂದು ನಿಲ್ಲುವುದು ನನಗೆ ಕಾಣುತ್ತದೆ. ಒಂದು ದಿನ ಅವರೇ ಬಟ್ಟೆ ಬಿಸಿಮಾಡಿ ತಂದು ನನ್ನ ಕಣ್ಣಿಗಿಟ್ಟರು. ಕುರು ಆಗಲೇ ಒಡೆದು ವಾಸಿಯಾಗುತ್ತಿತ್ತು. ಬೇಡವೆನ್ನಲಿಲ್ಲ, ಕಣ್ಣು ಮುಚ್ಚಿ ಕೂತೆ.

ಆದರೆ ಈ ಊರಿನಲ್ಲಿದ್ದು ಎಷ್ಟು ದಿನ ರೈಲು ತಪ್ಪಿಸಲು ಸಾಧ್ಯ? ನಾದಿನಿಯ ಮಗನ ಹುಟ್ಟುಹಬ್ಬಕ್ಕೆಂದು ಮತ್ತೆ ಗ್ರಾಂಟ್ ರೋಡಿಗೆ ಹೊರಟೆವು. ಹಿಂದಿನ ದಿನದಿಂದಲೇ ನಾನು ಅವಳಿಗೆ ಹೇಳುತ್ತ ಬಂದೆ. "ರೈಲಲ್ಲಿ ಕಾಲು ತಾಗಿದ್ರೆ ಬಗ್ಗೋ ಹಾಗಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲರ ಕಾಲೂ ತಾಗುತ್ತೆ. ದೇವರಿಗೆ ಗೊತ್ತು."

"ಹೂಂ," ಎಂದಳು. ಆ ಹೂಂ ಎಂಥದ್ದೆಂದು ತಿಳಿಯಲಿಲ್ಲ.

ಬರುವಾಗ ಡಬ್ಬಿ ಹತ್ತಿದ ತಕ್ಷಣ ಅವಳು ಬಾಗಿಲ ಬಳಿ ನೆಲದ ಮೇಲೆ ಕೂತವರ ಮುಖಗಳನ್ನೆಲ್ಲ ನೋಡಿದಳು. ನಾನೂ ನೋಡಿದೆ. ನೀಲಿ ಉಗುರಿನ ಕಾಲು ಇರಲಿಲ್ಲ. ಪಾರ್ಲೆ ಹತ್ತಿರ ಬರುವಾಗ ನಾನು ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದಿದ್ದೆ. ಈ ಸಲ ಚೀಲ ತಂದಿರಲಿಲ್ಲ. ಬಾಗಿಲ ಬಳಿ ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಬಂದ ಹೆಂಗಸೊಬ್ಬಳು ಕೂತಿದ್ದಳು. ನೂಕಿಗೆ ಮಗಳ ಶೂ ಅವಳ ಸೆರಗನ್ನು ತುಳಿಯಿತು. ನನಗೆ ಅದು ಕಂಡಿತು. ಮಗಳಿಗೂ ಕಂಡಿತು. ಅಷ್ಟರಲ್ಲಿ ನಾವು ಇಳಿದಾಗಿತ್ತು.

ಅವಳ ತೋಳು ಹಿಂದಕ್ಕೆ ಎಳೆಯಿತು. ಮುಖ ಹಿಂದಕ್ಕೆ ಹೊರಳಿತು. ನಾನು ಹಿಡಿತ ಬಿಗಿಮಾಡಿದೆ. ರೈಲು ಇನ್ನೂ ನಿಂತಿತ್ತು, ಈಗ ಹೊರಡುತ್ತದೆ, ಈಗ. ಅವಳು ಇದ್ದಲ್ಲಿಂದಲೇ ಬಿಡುವಾಗಿದ್ದ ಕೈಯನ್ನು ಆ ಹೆಂಗಸಿನ ಕಡೆಗೆ ಚಾಚಿ, ಗಾಳಿಯನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡಳು. ಅವತ್ತು ಆ ದೀದಿ ಮಾಡಿದ್ದ ಹಾಗೆಯೇ. ಮೀನಿನ ಹೆಂಗಸು ನಗುತ್ತ, ಹೋಗು ಹೋಗು ಎಂದು ಕೈ ಬೀಸಿದಳು. ಗಾಡಿ ಹೊರಟಿತು.

ನಾನು ನಿಲ್ಲಲಿಲ್ಲ. ಜನರ ನಡುವೆ ನುಗ್ಗಿ ಮೆಟ್ಟಿಲು ಹತ್ತಿದೆ, ಸೇತುವೆ ದಾಟಿದೆ, ಇಳಿದು ಸ್ಟೇಷನ್ನಿನ ಹೊರಗೆ ಹೂವಿನ ಅಂಗಡಿಗಳ ತನಕ ಬಂದೆ. ಆಗ ಅವಳು ನನ್ನನ್ನು ಜಗ್ಗಿ ನಿಲ್ಲಿಸಿದಳು.

"ಅಮ್ಮ, ಕೈ!"

ನೋಡಿದರೆ ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿದ್ದವು. ಅಳುತ್ತಾಳೆಂದುಕೊಂಡೆ. ಅವಳು ತುಟಿ ಒಳಗೆಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ಅಜ್ಜಿಯ ದನಿಯಲ್ಲಿ ಕೇಳಿದಳು.

"ಹಿಡಿದ ಕೈಗೆ ನೋವಾಯ್ತೇನಮ್ಮಾ?"

ಹೂವಿನವನು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನನಗೂ ನಗು ಬಂತು. "ಆಯ್ತು," ಎಂದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒತ್ತತೊಡಗಿದಳು. ನಾಲ್ಕನ್ನು ಬಿಡಿಸಿದಳು. ಕಿರುಬೆರಳನ್ನು ಮಾತ್ರ ನಾನು ಅವಳ ಕೈಯಿಂದ ತೆಗೆಯಲಿಲ್ಲ. ಹಿಂದೆ ಇನ್ನೊಂದು ಗಾಡಿ ಬರುವ ಸದ್ದು ಕೇಳುತ್ತಿತ್ತು. ಹಾಗೆಯೇ ಮನೆಯ ಕಡೆ ನಡೆದೆವು.